ಕೊಡಲಿಯಲ್ಲಿ ಕೆತ್ತಿದ ಬುದ್ಧ: ಇದು ಭಕ್ತಿಯೋ, ಅವಸರವೋ?

ಬೇಲೂರಿನವ

ಮೊದಲೇ ಹೇಳಿಬಿಡುತ್ತೇನೆ, ನಾನು ಕಲೆ ಓದಿದವನಲ್ಲ. ಚೆನ್ನಕೇಶವನ ಗುಡಿಯ ಹಿಂದಿನ ಬೀದಿಯಲ್ಲಿ ಬೆಳೆದವನು ಅಷ್ಟೇ. ಶಾಲೆಗೆ ರಜಾ ಇದ್ದಾಗ ಗೈಡ್‌ಗಳ ಹಿಂದೆ ಸುತ್ತಿ ಸುತ್ತಿ "ನೋಡಿ ಸಾರ್, ಈ ಬಳೆ ತಿರುಗುತ್ತೆ" ಅನ್ನುವುದು ನನಗೂ ಬಾಯಿಪಾಠ ಆಗಿತ್ತು.

ಹೋದ ವರ್ಷ ಕೆಲಸದ ಮೇಲೆ ಜಪಾನಿನ ನಗೋಯಾದಲ್ಲಿದ್ದೆ. ಅಲ್ಲಿ ಅರಾಕೊ ಕನ್ನೋನ್ ಅಂತ ಒಂದು ಗುಡಿ. ತಿಂಗಳಿಗೆ ಒಂದು ದಿನ ಮಾತ್ರ ಒಳಗಿನ ಮೂರ್ತಿಗಳನ್ನು ತೋರಿಸುತ್ತಾರೆ ಅಂತ ಆಫೀಸಿನವರೊಬ್ಬರು ಕರೆದುಕೊಂಡು ಹೋದರು. ಎಲ್ಲವೂ ಎಂಕೂ ಅನ್ನುವ ಬೌದ್ಧ ಸನ್ಯಾಸಿ ಕೆತ್ತಿದ್ದು. 1632ರಲ್ಲಿ ಹುಟ್ಟಿ 1695ರಲ್ಲಿ ತೀರಿಕೊಂಡವನು. 1,20,000 ಮೂರ್ತಿ ಕೆತ್ತುತ್ತೇನೆ ಅಂತ ಹರಕೆ ಹೊತ್ತು ಊರೂರು ಅಲೆದನಂತೆ.

ಮೂರ್ತಿ ನೋಡಿ ನನಗೆ ನಿಜಕ್ಕೂ ಗಾಬರಿ ಆಯಿತು. ಸೌದೆ ಸೀಳು! ಒಲೆಗೆ ಹಾಕಲು ಸೀಳಿದ ತುಂಡಿನ ಮೇಲೆ ಎರಡು ಗೀರು ಕಣ್ಣು, ಒಂದು ಗೀರು ಬಾಯಿ. ಉಪ್ಪು ಕಾಗದ ಹಾಕಿ ಉಜ್ಜಿಲ್ಲ, ಬಣ್ಣ ಇಲ್ಲ, ಒಡವೆ ಇಲ್ಲ. ಬೆನ್ನ ಕಡೆ ಮರ ಸೀಳಿದ ಹಾಗೇ ಇದೆ. ಆದರೆ ಆ ಗೀರಿನ ಬಾಯಿ ನಗುತ್ತಿತ್ತು. ಹೊರಗೆ ಬಂದ ಮೇಲೂ ಮನಸ್ಸಿನಿಂದ ಹೋಗಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಒಂದು ಮದನಿಕೆಯ ತಲೆಗೂದಲಿಗೆ ತಿಂಗಳುಗಟ್ಟಲೆ ಕೂತ ನಮ್ಮ ರೂವಾರಿಗಳದ್ದು ಭಕ್ತಿ ಅಂದರೆ, ಕೊಡಲಿಯಲ್ಲಿ ನಾಲ್ಕು ಏಟು ಹಾಕಿ ಮುಂದಿನ ಊರಿಗೆ ಹೋದ ಇವನದ್ದು ಏನು? ಇದು ಭಕ್ತಿಯೋ, ಅವಸರವೋ?

ಸುಮ್ನೆ ಬಂದೆ

ಅವಸರದ ಭಕ್ತಿ. ಹಾಸನಾಂಬೆ ದರ್ಶನಕ್ಕೆ ಬಂದು ನೋಡಿ, ಒಬ್ಬೊಬ್ಬರಿಗೆ ಎರಡೆರಡು ಸೆಕೆಂಡ್.

ಲೆಕ್ಕದ ಮೇಷ್ಟ್ರು

1,20,000 ಅಂದ ತಕ್ಷಣ ಕೈ ಕ್ಯಾಲ್ಕುಲೇಟರ್‌ಗೆ ಹೋಯಿತು. ಅವನ ಕೆತ್ತನೆಗಳಲ್ಲಿ ಇಸವಿ ಗೊತ್ತಿರುವ ಹಳೆಯವು 1663ರವು. ಅಲ್ಲಿಂದ 1695ರವರೆಗೆ 32 ವರ್ಷ. ಅಂದರೆ 11,680 ದಿನ. ದಿನಕ್ಕೆ ಹತ್ತು ಮೂರ್ತಿ ಮೀರಬೇಕು. ಹಬ್ಬ ಇಲ್ಲ, ಜ್ವರ ಇಲ್ಲ, ಒಂದು ಭಾನುವಾರ ಇಲ್ಲ. ದಿನಕ್ಕೆ 12 ಗಂಟೆ ಕೂತರೂ ಒಂದಕ್ಕೆ 70 ನಿಮಿಷ. ಇದರ ಮಧ್ಯೆ ನಡೆದುಕೊಂಡು ಹೊಕ್ಕೈಡೊವರೆಗೆ ಬೇರೆ ಹೋಗಿದ್ದಾನೆ. ನನಗಂತೂ ನಂಬಿಕೆ ಇಲ್ಲ. "ಲಕ್ಷ ದೀಪೋತ್ಸವ" ಅಂತ ಬ್ಯಾನರ್ ಹಾಕಿದ ಮಾತ್ರಕ್ಕೆ ಯಾರಾದರೂ ದೀಪ ಎಣಿಸುತ್ತಾರಾ?

ತೋಟದ ಮನೆ

ಮೇಷ್ಟ್ರೇ, ಉಳಿದಿರುವುದು ಎಷ್ಟು?

ಲೆಕ್ಕದ ಮೇಷ್ಟ್ರು

ಈವರೆಗೆ ಸಿಕ್ಕಿರುವುದು ಐದು ಸಾವಿರ ಚಿಲ್ಲರೆ. ನೂರಕ್ಕೆ ಐದೂ ಇಲ್ಲ.

ಬೇಲೂರಿನವ

ಮೇಷ್ಟ್ರೇ, ಒಂದು ವಿಷಯ ಬಿಟ್ಟುಹೋಯಿತು. ಎಲ್ಲವೂ ಆಳೆತ್ತರದವಲ್ಲ. ಆ ಗುಡಿಯ ಬಾಗಿಲಲ್ಲಿ ಎರಡು ದೊಡ್ಡ ದ್ವಾರಪಾಲಕರಿದ್ದಾರೆ, ಅವೂ ಅವನವೇ. ಅವನ್ನು ಕೆತ್ತುವಾಗ ಉದುರಿದ ಚೂರುಗಳನ್ನು ಬಿಸಾಡದೆ ಒಂದೊಂದಕ್ಕೂ ಮುಖ ಮಾಡಿದ್ದಾನೆ. ಹಾಗೆ ಮಾಡಿದ್ದು ಸಾವಿರಕ್ಕೂ ಜಾಸ್ತಿ, ಬೆರಳುದ್ದದವು. ಎಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿತ್ತಂತೆ, 1970ರ ದಶಕದವರೆಗೆ ಯಾರಿಗೂ ಗೊತ್ತೇ ಇರಲಿಲ್ಲ. ಅಂಥವನ್ನು 70 ನಿಮಿಷಕ್ಕೆ ಒಂದಲ್ಲ, ಹತ್ತು ಮಾಡಬಹುದು.

ಲೆಕ್ಕದ ಮೇಷ್ಟ್ರು

ಹಾಗಾದರೆ ಲೆಕ್ಕ ಸ್ವಲ್ಪ ಸಡಿಲ ಆಗುತ್ತದೆ. ಒಪ್ಪಿದೆ. ಅರ್ಧ ಒಪ್ಪಿದೆ.

ಉಳಿ ಸುತ್ತಿಗೆ

ಮೊದಲು ಒಂದು ತಿದ್ದುಪಡಿ. ಅದು ಕೊಡಲಿ ಅಲ್ಲ. ಜಪಾನಿನವರು ಅದಕ್ಕೆ "ನತಾ" ಅನ್ನುತ್ತಾರೆ. ಅಗಲ ಅಲಗು, ಗಿಡ್ಡ ಹಿಡಿ, ಒಂದೇ ಕೈಯಲ್ಲಿ ಬೀಸುವುದು. ನಮ್ಮ ಮಚ್ಚಿನ ಅಣ್ಣತಮ್ಮ. ಇಂಥ ಕೆತ್ತನೆಗೆ ಅಲ್ಲಿ "ನತಾಬೊರಿ" ಅಂತಲೇ ಹೆಸರು. ಹಾಗಂತ ಬರೀ ಮಚ್ಚಲ್ಲೇ ಎಲ್ಲ ಮುಗಿಸುತ್ತಿರಲಿಲ್ಲ. ಕಣ್ಣು, ಬಾಯಿ ಗೀರಿರುವುದು ನೋಡಿದರೆ ಉಳಿ ಕೆಲಸ ಅಂತ ಗೊತ್ತಾಗುತ್ತದೆ.

ನಾನು ಕಲ್ಲಿನ ಕೆಲಸದವನು, ತಾತನ ಕಾಲದಿಂದ. ನನಗನ್ನಿಸುವುದು ಹೇಳುತ್ತೇನೆ. ನಮ್ಮದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆ ಕಲ್ಲು ಸಣ್ಣ ಕೆಲಸವನ್ನು ಬೇಡುತ್ತದೆ. ಕೂದಲೆಳೆ ಕೆತ್ತು ಅಂತ ಅದೇ ಕೈ ಹಿಡಿದು ಎಳೆಯುತ್ತದೆ. ಮರ ಹಾಗಲ್ಲ. ಮರಕ್ಕೆ ಎಳೆ ಇದೆ. ಎಳೆ ಹಿಡಿದು ಹೊಡೆದರೆ ಒಂದೇ ಏಟಿಗೆ ಸೀಳಿ, ನೀವು ಕೇಳದೇ ಇದ್ದ ಒಂದು ಸೊಗಸಾದ ಮೈ ಕೊಟ್ಟುಬಿಡುತ್ತದೆ. ಎಂಕೂ ಆ ಸೀಳಿದ ಮೈಯನ್ನೇ ಬುದ್ಧನ ಉಡುಪಿನ ನೆರಿಗೆ ಮಾಡಿಕೊಂಡಿದ್ದಾನೆ. ಗಂಟು ಬಂದಲ್ಲಿ ಗಂಟು ಬಿಟ್ಟಿದ್ದಾನೆ. ಇದು ಅವಸರದವನ ಕೆಲಸ ಅಲ್ಲ ಸ್ವಾಮಿ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವನ ಕೆಲಸ. ನನಗೆ ಇವತ್ತಿಗೂ ಅದು ಬಂದಿಲ್ಲ. ಗಿರಾಕಿ ಗಾಡಿ ತಂದು ನಿಲ್ಲಿಸಿದರೂ ಇನ್ನೊಂದು ಸಲ ಉಜ್ಜೋಣ ಅನ್ನಿಸುತ್ತದೆ.

ಹಾಸನದಕ್ಕ

"ಕೇಳದೇ ಇದ್ದ ಒಂದು ಸೊಗಸಾದ ಮೈ"! ಇದನ್ನು ಬರೆದಿಟ್ಟುಕೊಂಡೆ.

ಬೇಲೂರಿನವ

ಮಚ್ಚು ಅಂತ ಗೊತ್ತಾಯಿತು, ಆದರೆ ಇಲ್ಲಿ ಶೀರ್ಷಿಕೆ ಬದಲಿಸಲು ಬರುತ್ತಿಲ್ಲ. ಕೊಡಲಿ ಅಂತಲೇ ಇರಲಿ, ಕ್ಷಮಿಸಿ.

ಅರೆಮಲೆನಾಡು

ನಾನು ಒಪ್ಪುವುದಿಲ್ಲ. ಹೊರದೇಶದ್ದು ಅಂದ ತಕ್ಷಣ ಸೌದೆಯೂ ಕಲೆಯಾಗುತ್ತದೆ. ಇದನ್ನೇ ನಮ್ಮ ಹಳ್ಳಿಯವನು ಮಾಡಿದ್ದರೆ "ಕೈ ಪಳಗಿಲ್ಲ" ಅನ್ನುತ್ತಿದ್ದಿರಿ. ತಾಳಮಾನ ಇಲ್ಲ, ಲಕ್ಷಣ ಇಲ್ಲ. ಮೂರ್ತಿಗೆ ಅಳತೆ ಮುಖ್ಯ. ಬೌದ್ಧರಲ್ಲೂ ಅಳತೆ ಇದೆ. ಬೈಲಕುಪ್ಪೆಗೆ ಹೋಗಿ ನೋಡಿ. ಟಿಬೆಟ್‌ನವರು ಗೆರೆ ಎಳೆದು, ಬೆರಳಳತೆ ಹಿಡಿದೇ ಬುದ್ಧನನ್ನು ಬರೆಯುವುದು. ಹುಬ್ಬು ಒಂಚೂರು ಆಚೀಚೆ ಆದರೂ ಗುರು ಒಪ್ಪುವುದಿಲ್ಲ.

ಮೂಡಿಗೆರೆ ಮಳೆ

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋದವರೆಲ್ಲ ಆ ಮೂರು ಚಿನ್ನದ ಮೂರ್ತಿ ಮುಂದೆ ಸೆಲ್ಫಿ ತೆಗೆದುಕೊಂಡು ಮೊಮೊ ತಿನ್ನಲು ಓಡುತ್ತಾರೆ. ನಾನೂ ಹಾಗೇ ಮಾಡಿದ್ದು. ಎರಡನೇ ಸಲ ಹೋದಾಗ ಒಬ್ಬ ಲಾಮಾ ಸಿಕ್ಕರು. ಕನ್ನಡ ಚೆನ್ನಾಗಿ ಬರುತ್ತದೆ, ಹುಟ್ಟಿದ್ದೇ ಅಲ್ಲಿ. ಅವರು ಹೇಳಿದ್ದು: ಟಿಬೆಟ್‌ನವರ ಮೂರ್ತಿ ಒಳಗೆ ಟೊಳ್ಳು. ಆದರೆ ಖಾಲಿ ಬಿಡುವ ಹಾಗಿಲ್ಲ. ನಡುವೆ ಒಂದು ಮರದ ಕೋಲು ನಿಲ್ಲಿಸುತ್ತಾರೆ, ಅದು ಮೂರ್ತಿಯ ಜೀವದ ಕಂಬ. ಅದರ ಸುತ್ತ ಮಂತ್ರ ಬರೆದ ಕಾಗದವನ್ನು ಬೀಡಿ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ಸುತ್ತಿ ತುಂಬುತ್ತಾರೆ. ಸುರುಳಿ ಸಡಿಲ ಇರಬಾರದು, ತಲೆಕೆಳಗಾಗಬಾರದು. ಸಂದಿಯಲ್ಲಿ ಪರಿಮಳದ ಸೊಪ್ಪಿನ ಪುಡಿ. ಆಮೇಲೆ ತಳ ಮುಚ್ಚಿಬಿಡುತ್ತಾರೆ. ಇನ್ನು ಅದನ್ನು ಯಾರೂ ನೋಡುವುದಿಲ್ಲ.

ಅವರು ಚಿಕ್ಕವರಿದ್ದಾಗ ಮಾಡಿದ ಮೊದಲ ಕೆಲಸ ಅದೇ ಅಂತೆ, ಸುರುಳಿ ಸುತ್ತುವುದು. "ನನ್ನ ಕೈಕೆಲಸ ಆ ಮೂರ್ತಿಯ ಮೊಣಕಾಲಲ್ಲಿದೆ" ಅಂದರು. ಯಾವ ಮೂರ್ತಿ ಅಂತ ಹೇಳಲಿಲ್ಲ.

ಹಾಸನದಕ್ಕ

ಅಬ್ಬಾ. ಮೊಣಕಾಲಲ್ಲಿ!

ಅರೆಮಲೆನಾಡು

ಅದನ್ನೇ ನಾನೂ ಹೇಳಿದ್ದು. ಕಾಣದ ಕಡೆಯೂ ಶಿಸ್ತು. ಎಂಕೂದಲ್ಲಿ ಕಾಣುವ ಕಡೆಯೂ ಇಲ್ಲ.

ಶಾಸನದ ಹುಚ್ಚ

ಎಲ್ಲರೂ ಕೈಯ ನಯದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಇಲ್ಲಿ ಕುತೂಹಲ ಬೇರೆ. ಮಾಡಿದವನು ಯಾರು, ಮಾಡಿಸಿದವನು ಯಾರು?

ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿ ನಿಂತು ಓದಿ. "ಶ್ರೀ ಚಾವುಂಡರಾಜಂ ಮಾಡಿಸಿದಂ". ಮಾಡಿಸಿದಂ! ಮಾಡಿದಂ ಅಲ್ಲ. 981ರಿಂದ ಆ ಒಂದು "ಇಸು" ಪ್ರತ್ಯಯದ ಹಿಂದೆ ಒಬ್ಬ ರೂವಾರಿ ಅಡಗಿ ಕೂತಿದ್ದಾನೆ. ಅಷ್ಟು ದೊಡ್ಡ ಬಂಡೆಯಲ್ಲಿ ಆ ಮುಗುಳುನಗೆ ಬಿಡಿಸಿದವನ ಹೆಸರು ಅಲ್ಲಿಲ್ಲ. ಪುಣ್ಯ ಮಾಡಿಸಿದವನಿಗೆ, ಕೂಲಿ ಮಾಡಿದವನಿಗೆ.

ನೂರ ಮೂವತ್ತಾರು ವರ್ಷ ಬಿಟ್ಟು ಬೇಲೂರಿಗೆ ಬನ್ನಿ. 1117ರಲ್ಲಿ ವಿಷ್ಣುವರ್ಧನ ಮಾಡಿಸಿದ. ಆದರೆ ಈಗ ಮದನಿಕೆಯರ ಪೀಠದ ಮೇಲೆ ಮಾಡಿದವನೂ ಬಾಯಿ ಬಿಟ್ಟಿದ್ದಾನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರಿನ ಜೊತೆಗೆ ಬಿರುದೂ ಉಂಟು. ಮಲ್ಲಿತಮ್ಮನಂತೂ ಅಮೃತಾಪುರದಿಂದ ಶುರುಮಾಡಿ ನುಗ್ಗೇಹಳ್ಳಿ, ಸೋಮನಾಥಪುರದವರೆಗೆ ಸಹಿ ಹಾಕುತ್ತಲೇ ಹೋಗಿದ್ದಾನೆ. ಅಮೃತಾಪುರ 1196, ಸೋಮನಾಥಪುರ 1268. ಎಷ್ಟು ವರ್ಷ ಅಂತ ಮೇಷ್ಟ್ರು ಹೇಳಲಿ.

ಈಗ ಎಂಕೂ. ಇವನಲ್ಲಿ ಮಾಡಿಸಿದವನೇ ಇಲ್ಲ. ರಾಜ ಇಲ್ಲ, ದಂಡನಾಯಕ ಇಲ್ಲ. ಸನ್ಯಾಸಿಯೇ ಮಾಡಿದವನು. ಮತ್ತೆ ಮೂರ್ತಿಗಳ ಬೆನ್ನ ಮೇಲೆ ಏನು ಬರೆಯುತ್ತಿದ್ದ ಗೊತ್ತಾ? ಸಂಸ್ಕೃತದ ಬೀಜಾಕ್ಷರ! ನಮ್ಮ ಕಡೆಯಿಂದ ಬೌದ್ಧರ ಜೊತೆ ಚೀನಾ ದಾಟಿ ಹೋದ ಸಿದ್ಧಂ ಲಿಪಿಯಲ್ಲಿ. ನಮ್ಮವನು ಪೀಠದ ಮೇಲೆ ತನ್ನ ಹೆಸರು ಬರೆದ. ಅವನು ಬೆನ್ನ ಮೇಲೆ ದೇವರ ಅಕ್ಷರ ಬರೆದ. ಎರಡೂ ನನಗಿಷ್ಟ, ಆದರೆ ಎರಡೂ ಒಂದೇ ಅಲ್ಲ.

ಲೆಕ್ಕದ ಮೇಷ್ಟ್ರು

72 ವರ್ಷ. ಮಲ್ಲಿತಮ್ಮ 20ಕ್ಕೆ ಶುರುಮಾಡಿದ್ದರೂ ಸೋಮನಾಥಪುರಕ್ಕೆ 92. ಒಬ್ಬನೇನಾ, ಅಥವಾ ತಾತನ ಹೆಸರಿನ ಮೊಮ್ಮಗನೋ?

ಶಾಸನದ ಹುಚ್ಚ

ಒಳ್ಳೆ ಅನುಮಾನ. ವಿದ್ವಾಂಸರು ಸಾಮಾನ್ಯವಾಗಿ ಒಬ್ಬನೇ ಅಂತ ಹಿಡಿಯುತ್ತಾರೆ. ಆದರೆ ನಿಮ್ಮ ಕ್ಯಾಲ್ಕುಲೇಟರ್ ಮುಂದೆ ನಾನು ವಾದಿಸುವುದಿಲ್ಲ.

ಸುಮ್ನೆ ಬಂದೆ

ಜಕಣಾಚಾರಿಯನ್ನು ಎಲ್ಲರೂ ಮರೆತೇ ಬಿಟ್ಟರಾ? ಕಪ್ಪೆ ಚೆನ್ನಿಗರಾಯ?

ಶಾಸನದ ಹುಚ್ಚ

ಬಂತಪ್ಪಾ ಬಂತು. ಕಥೆ ಚೆನ್ನಾಗಿದೆ, ಕಲ್ಲಿನೊಳಗೆ ಕಪ್ಪೆ, ಅಪ್ಪ ಮಗ, ಕತ್ತರಿಸಿದ ಕೈ. ಆದರೆ ಬೇಲೂರಿನ ಸಹಿಗಳಲ್ಲಿ ಆ ಹೆಸರಿಲ್ಲ. ನಿಜವಾಗಿ ಹೆಸರು ಕೆತ್ತಿ ಹೋದ ದಾಸೋಜನನ್ನು ಒಂದು ಮಗುವೂ ಕೇಳಿಲ್ಲ. ಹೆಸರೇ ಸಿಗದವನ ಹೆಸರನ್ನು ಎಲ್ಲ ಕಡೆ ಇಟ್ಟಿದ್ದೇವೆ.

ಉಳಿ ಸುತ್ತಿಗೆ

ಹಾಗನ್ನಬೇಡಿ ಸಾರ್. ನಮ್ಮ ಮನೆಯಲ್ಲಿ ಉಳಿ ಹಿಡಿಯುವ ಮೊದಲ ದಿನ ಜಕಣಾಚಾರಿಯನ್ನು ನೆನೆಯುತ್ತೇವೆ. ಶಾಸನ ಇಲ್ಲದಿದ್ದರೆ ಇಲ್ಲ ಬಿಡಿ.

ಇನ್ನೊಂದು, "ಕೂಲಿ ಮಾಡಿದವನಿಗೆ" ಅಂದಿರಲ್ಲ, ಅದು ಚುಚ್ಚಿತು. ಕೂಲಿ ತೆಗೆದುಕೊಂಡರೆ ಭಕ್ತಿ ಇಲ್ಲ ಅಂತಲಾ? ನಾನು ಮೂರ್ತಿ ಮಾಡಿದಾಗ ಕಣ್ಣು ಮಾತ್ರ ಕೊನೆಗೆ ಬಿಡುತ್ತೇನೆ. ಕಣ್ಣು ತೆರೆಸುವ ದಿನ ಉಪವಾಸ, ಮಾತಿಲ್ಲ. ಆ ಹೊತ್ತಿಗೆ ಮುಂದೆ ಯಾರೂ ನಿಲ್ಲುವ ಹಾಗಿಲ್ಲ. ಮೊದಲ ನೋಟ ಕನ್ನಡಿಗೋ, ಹಸುಕರುವಿಗೋ ಬೀಳಬೇಕು. ಅಷ್ಟು ದಿನ ಅದರ ಹೆಗಲ ಮೇಲೆ ಕಾಲಿಟ್ಟು ಹತ್ತಿ ಕೆಲಸ ಮಾಡಿರುತ್ತೇನೆ, ಆ ಒಂದು ಗೀರು ಬಿದ್ದ ಮೇಲೆ ನಾನೇ ಕೆಳಗಿಳಿದು ಕೈ ಮುಗಿಯುತ್ತೇನೆ. ಒಂದು ಕಡೆ ಮೂರ್ತಿ ಮಾಡಿಕೊಟ್ಟಾಗ ಪ್ರತಿಷ್ಠೆ ದಿನ ನನ್ನನ್ನೇ ಗರ್ಭಗುಡಿ ಬಾಗಿಲಿಂದ ಆಚೆ ನಿಲ್ಲಿಸಿದರು. ಬಾಕಿ ದುಡ್ಡೂ ಅರ್ಧ ಇನ್ನೂ ಬಂದಿಲ್ಲ. ಯಾವ ಊರು ಅಂತ ಹೇಳಲ್ಲ ಬಿಡಿ. ಆ ದೇವರ ಕಣ್ಣು ತೆರೆಸಿದವನು ನಾನು, ಅವನಿಗಂತೂ ಗೊತ್ತಲ್ಲ.

ಶಾಸನದ ಹುಚ್ಚ

ತಪ್ಪಾಯಿತು. ಅವಸರದಲ್ಲಿ ಬರೆದೆ. ಮಾತು ವಾಪಸ್.

ಕಣ್ಣು ಅಂದಿರಲ್ಲ, ಜಪಾನಿನಲ್ಲೂ ಇದೇ ಶಾಸ್ತ್ರ. ನಾರಾದ ತೋದಾಯ್‌ಜಿಯ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಹೋದ ಬೋಧಿಸೇನ ಅನ್ನುವ ಭಿಕ್ಷು. ಅವನ ಕುಂಚಕ್ಕೆ ಉದ್ದುದ್ದ ದಾರ ಕಟ್ಟಿದ್ದರಂತೆ. ಕೆಳಗೆ ನಿಂತವರೆಲ್ಲ ಆ ದಾರ ಹಿಡಿದುಕೊಂಡಿದ್ದರು, ಕಣ್ಣು ಬರೆಯುವ ಪುಣ್ಯ ಎಲ್ಲರಿಗೂ ಸಿಗಲಿ ಅಂತ.

ಹಾಸನದಕ್ಕ

ನಮ್ಮ ತೇರಿನ ಹಗ್ಗ ಮುಟ್ಟಿದ ಹಾಗೆ ಅಲ್ವಾ? ಎಳೆಯಲು ಆಗದಿದ್ದರೂ ಅಜ್ಜಿ ಸುಮ್ನೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಉಳಿ ಸುತ್ತಿಗೆಯವರೇ, ಆ ಬಾಕಿ ದುಡ್ಡು ಬಿಡಬೇಡಿ. ಭಕ್ತಿ ಬೇರೆ, ಬಾಕಿ ಬೇರೆ.

ತೋಟದ ಮನೆ

ನಾನು ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ. ಬರೆಯುತ್ತೇನೆ.

ನಮ್ಮದು ಚಿಕ್ಕಮಗಳೂರು ಹತ್ತಿರ ಸಣ್ಣ ಕಾಫಿ ತೋಟ. ನಮ್ಮ ಚಿಕ್ಕಪ್ಪ ಹತ್ತು ವರ್ಷದಿಂದ ದಿನಕ್ಕೊಂದು ಗಣಪತಿ ಮಾಡುತ್ತಾರೆ. ಒಬ್ಬನೇ ಮಗ ಅಪಘಾತದಲ್ಲಿ ಹೋದ ಮೇಲೆ ಶುರುವಾದದ್ದು. ಕಿತ್ತ ಹಳೇ ಕಾಫಿ ಗಿಡದ ಬೇರು, ಸಿಲ್ವರ್ ಓಕ್ ಕೊಂಬೆ, ಏನು ಸಿಕ್ಕರೂ ಸರಿ. ಬೆಳಿಗ್ಗೆ ಕಾಫಿ ಕುಡಿದು ಜಗುಲಿ ಮೇಲೆ ಕೂತರೆ ತಿಂಡಿ ಹೊತ್ತಿಗೆ ಒಂದು ಸೊಂಡಿಲು ಕಾಣಬೇಕು. ಚೆನ್ನಾಗಿ ಬರುವುದಿಲ್ಲ, ನಿಜ ಹೇಳುತ್ತೇನೆ. ಕೆಲವು ಆನೆ ಹಾಗಿವೆ, ಕೆಲವು ಇಲಿ ಹಾಗೆ. ಕೊಟ್ಟರೆ ನೆಂಟರು ಬೇಡ ಅನ್ನಲಾರದೆ ತೆಗೆದುಕೊಂಡು ಹೋಗುತ್ತಾರೆ. ಕಾಫಿ ಕಣಜದ ಮೂಲೆಯೆಲ್ಲ ಗಣಪತಿ. ಡಾಕ್ಟರ್‌ಗೆ ತೋರಿಸೋಣ ಅಂತಲೂ ನಾವು ಮಾತಾಡಿಕೊಂಡಿದ್ದುಂಟು.

ಎಂಕೂ ಕಥೆ ಓದಿ ಹುಡುಕಿದೆ. ಅವನು ಏಳು ವರ್ಷದವನಿದ್ದಾಗ ತಾಯಿ ನಗರಾ ನದಿಯ ಪ್ರವಾಹದಲ್ಲಿ ಹೋದಳು ಅಂತ ಅಲ್ಲಿನವರು ಹೇಳುತ್ತಾರೆ. ಲಕ್ಷ ಯಾಕೆ ಬೇಕಿತ್ತು ಅಂತ ಮೇಷ್ಟ್ರು ಕೇಳಿದಂತಿತ್ತು. ನನಗೆ ಸ್ವಲ್ಪ ಗೊತ್ತಾಯಿತು ಅನ್ನಿಸಿತು.

ಲೆಕ್ಕದ ಮೇಷ್ಟ್ರು

ಇನ್ನು ಲೆಕ್ಕ ಹಾಕುವುದಿಲ್ಲ.

ಮೂಡಿಗೆರೆ ಮಳೆ

ತೋಟದ ಮನೆಯವರೇ, ಡಾಕ್ಟರ್‌ಗೆ ಬೇಕಾದರೆ ತೋರಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಜಗುಲಿಯಿಂದ ಎಬ್ಬಿಸಬೇಡಿ.

ಬೌದ್ಧರಲ್ಲಿ ಎಣಿಕೆ ಇಟ್ಟು ಮೂರ್ತಿ ಮಾಡುವುದು ಹಳೇ ಅಭ್ಯಾಸ. ಟಿಬೆಟ್‌ನವರು "ತ್ಸತ್ಸ" ಮಾಡುತ್ತಾರೆ. ಅಂಗೈಯಷ್ಟು ಹಿತ್ತಾಳೆ ಅಚ್ಚು. ಮಣ್ಣು ಒತ್ತಿ ತೆಗೆದರೆ ಒಂದು ಬುದ್ಧ. ಕೆಲವರು ಲಕ್ಷ ಮಾಡುತ್ತೇನೆ ಅಂತಲೇ ಕೂರುತ್ತಾರೆ. ತೀರಿಕೊಂಡವರ ಚಿತಾಭಸ್ಮವನ್ನು ಆ ಮಣ್ಣಿಗೆ ಕಲಸುವುದೂ ಉಂಟು. ಮಾಡಿದ್ದನ್ನು ಸ್ತೂಪದಲ್ಲೋ, ಗುಹೆಯಲ್ಲೋ ಇಟ್ಟು ಬರುತ್ತಾರೆ. ಮಳೆಗೆ ಕರಗಿದರೆ ಕರಗಲಿ. ನಳಂದದಲ್ಲೂ ಅಂಥ ಮಣ್ಣಿನ ಮುದ್ರೆಗಳು ರಾಶಿ ರಾಶಿ ಸಿಕ್ಕಿವೆ.

ಅರೆಮಲೆನಾಡು

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಒಂದು ಅನುಮಾನ. ಎಂಕೂ ಮಾಡಿದ್ದನ್ನು ಜನ ಏನು ಮಾಡುತ್ತಿದ್ದರು? ಪೂಜೆಗೆ ಇಡುತ್ತಿದ್ದರಾ? ಅಥವಾ ತೋಟದವರ ನೆಂಟರ ಹಾಗೆ ಅಟ್ಟಕ್ಕೆ ಹಾಕುತ್ತಿದ್ದರಾ?

ಬೇಲೂರಿನವ

ಎರಡೂ ಅಂತ ಕಾಣುತ್ತದೆ. ಹಿದಾ ಬೆಟ್ಟದ ಕಡೆ ಸೆಂಕೋಜಿ ಅಂತ ಗುಡಿ ಇದೆ. ಅಲ್ಲಿ ಅವನು 33 ಕನ್ನೋನ್ ಕೆತ್ತಿದ್ದ. ನಾವು ಅವಲೋಕಿತೇಶ್ವರ ಅನ್ನುತ್ತೇವಲ್ಲ, ಅದೇ. ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಒಂದು ಮೂರ್ತಿ ಕಡ ತೆಗೆದುಕೊಂಡು ಹೋಗಿ ಹಾಸಿಗೆ ಪಕ್ಕ ಇಟ್ಟುಕೊಳ್ಳುತ್ತಿದ್ದರಂತೆ. ವಾಸಿಯಾದ ಮೇಲೆ ವಾಪಸ್. ಹಾಗೆ ಹೋದ ಎರಡು ಬರಲೇ ಇಲ್ಲ. ಈಗ ಇರುವುದು 31.

ಸುಮ್ನೆ ಬಂದೆ

ನಮ್ಮೂರಿನ ಲೈಬ್ರರಿಗಿಂತ ವಾಸಿ. 33ರಲ್ಲಿ 31 ವಾಪಸ್ ಬಂದಿವೆ.

ಹಾಸನದಕ್ಕ

ಆ ಎರಡು ಮನೆಯವರಿಗೆ ಕೊಡಲು ಮನಸ್ಸು ಬಂದಿರಲಿಕ್ಕಿಲ್ಲ. ನಾನಾದರೂ ಕೊಡುತ್ತಿರಲಿಲ್ಲ.

ಬೇಲೂರಿನ ಮದನಿಕೆಯನ್ನು ಹಾಗೆ ಕಡ ಕೇಳಲು ಆಗುತ್ತದಾ? ಈಗ ಯುನೆಸ್ಕೊ ಪಟ್ಟಿಗೆ ಬೇರೆ ಸೇರಿದೆ. 2023ರ ನಂತರ ಗಾಡಿ ನಿಲ್ಲಿಸಲೂ ಜಾಗ ಇಲ್ಲ.

ಬೇಲೂರಿನವ

ಅಕ್ಕಾ, ಪಾರ್ಕಿಂಗ್ ವಿಷಯ ಎತ್ತಬೇಡಿ, ಈ ಚರ್ಚೆ ನೂರು ಉತ್ತರ ದಾಟುತ್ತದೆ.

ಶಾಸನದ ಹುಚ್ಚ

ಇನ್ನೊಂದು ಹೇಳಿ ಸುಮ್ಮನಾಗುತ್ತೇನೆ. ಎಂಕೂ ಕೊನೆಗೆ ಅದೇ ನಗರಾ ನದಿ ದಂಡೆಯಲ್ಲಿ, ಅನ್ನ ಬಿಟ್ಟು, ಮಣ್ಣಿನೊಳಗೆ ಧ್ಯಾನಕ್ಕೆ ಕೂತು ಪ್ರಾಣ ಬಿಟ್ಟ ಅಂತ ಪ್ರತೀತಿ. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದಲ್ಲಿ, ಸಲ್ಲೇಖನ ಅಂತ ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟ ಜೈನರ ನೆನಪಿನ ನಿಸಿಧಿ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ.

ಅರೆಮಲೆನಾಡು

ಸಲ್ಲೇಖನವೂ ಇದೂ ಒಂದೇ ಅಲ್ಲ. ಜೈನರ ಸಲ್ಲೇಖನಕ್ಕೆ ಅದರದ್ದೇ ನಿಯಮ ಇದೆ, ಗುರುವಿನ ಒಪ್ಪಿಗೆ ಬೇಕು.

ಶಾಸನದ ಹುಚ್ಚ

ಒಂದೇ ಅಂದೆನಾ? "ಹೊಸದಲ್ಲ" ಅಂದೆ. ನೀವು ಜಗಳಕ್ಕೇ ಕಾದಿರುತ್ತೀರಿ.

ಅರೆಮಲೆನಾಡು

ಅದಕ್ಕೇ ಬರುವುದು ಇಲ್ಲಿಗೆ.

ತೋಟದ ಮನೆ

ನಿನ್ನೆ ಚಿಕ್ಕಪ್ಪನಿಗೆ ಫೋನಿನಲ್ಲಿ ಎಂಕೂ ಮೂರ್ತಿಗಳ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ದೊಡ್ಡದು ಮಾಡಿ ಬರೀ ಅಂಚುಗಳನ್ನೇ ನೋಡುತ್ತಿದ್ದರು, ಮುಖ ಅಲ್ಲ. ಆಮೇಲೆ "ಇವನು ಮಚ್ಚನ್ನು ಮೇಲಿಂದ ಹೊಡೆದಿದ್ದಾನೆ, ನಾನು ಅಡ್ಡ ಹೊಡೆಯುತ್ತಿದ್ದೆ" ಅಂದರು. ಅಷ್ಟೇ. ಇವತ್ತು ಬೆಳಿಗ್ಗೆ ಜಗುಲಿ ಮೇಲೆ ಉಳಿ ಇರಲಿಲ್ಲ, ಮಚ್ಚಿತ್ತು. ಗಣಪತಿ ಕಾಫಿ ಹೊತ್ತಿಗೇ ಮುಗಿದಿತ್ತು. ಈ ಸಲ ಇಲಿ ಹಾಗಿಲ್ಲ.

ಉಳಿ ಸುತ್ತಿಗೆ

ಅಡ್ಡ ಹೊಡೆದರೆ ಎಳೆ ಕಿತ್ತು ಬರುತ್ತದೆ. ಹತ್ತು ವರ್ಷದಲ್ಲಿ ಯಾರೂ ಹೇಳಿಕೊಡಲಿಲ್ಲವಾ ಅವರಿಗೆ? ಈ ಭಾನುವಾರ ನಾನು ಬೇಲೂರಿಂದ ಆ ಕಡೆ ಬರುವವನಿದ್ದೇನೆ. ಮಚ್ಚಿಗೆ ಸಾಣೆ ಹಿಡಿಸಿ ಇಟ್ಟಿರಲು ಹೇಳಿ. ಮತ್ತೆ ಮರ ಹಸಿ ಇದ್ದಾಗಲೇ ಸೀಳಬೇಕು, ಒಣಗಿದ್ದು ಬೇಡ.

ಹಾಸನದಕ್ಕ

ನನಗೊಂದು ಗಣಪತಿ ಬೇಕು. ಇಲಿ ಹಾಗಿದ್ದದ್ದೇ ಆಗಲಿ. ಕಡ ಅಲ್ಲ, ವಾಪಸ್ ಕೊಡಲ್ಲ.